ಕಡಲಗಾಳಿಯಲ್ಲಿ ಸ್ಪ್ರೇ ಸನ್‌ಸ್ಕ್ರೀನ್: ನನ್ನ ಅನುಭವ

ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲು ಸೇರುವ ಸಸಿಹಿತ್ಲು ಅಳಿವೆಯ ಬಳಿ ನಾನು ಮಕ್ಕಳಿಗೆ ಸರ್ಫಿಂಗ್ ಕಲಿಸುತ್ತೇನೆ. ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬೊಬ್ಬರಂತೆ ಕ್ರೀಮ್ ಹಚ್ಚುವುದು ಕಷ್ಟವೆನಿಸಿ ಸ್ಪ್ರೇ ಸನ್‌ಸ್ಕ್ರೀನ್ ತರಿಸಿದೆ. ಮಕ್ಕಳನ್ನು ಮರಳಿನ ಮೇಲೆ ಸಾಲಾಗಿ ನಿಲ್ಲಿಸಿ, ಒಂದು ಮಾರು ದೂರದಿಂದ ಎಲ್ಲರ ಬೆನ್ನಿಗೂ ಒಮ್ಮೆ ಹೊಡೆದು ನೀರಿಗೆ ಕಳುಹಿಸುತ್ತಿದ್ದೆ. ಒಂದು ಭಾನುವಾರದ ತರಗತಿಯ ಮರುದಿನ ಒಬ್ಬ ಹುಡುಗನ ತಾಯಿ ಅವನ ಅಂಗಿ ಎತ್ತಿ ಬೆನ್ನು ತೋರಿಸಿದರು. ಸ್ಪ್ರೇ ಬಿದ್ದ ಕಡೆ ಚರ್ಮ ಸರಿಯಾಗಿಯೇ ಇತ್ತು. ನಡುವೆ ಮಾತ್ರ ಕೆಂಪಗೆ ಸುಟ್ಟ ಎರಡು ಅಗಲವಾದ ಪಟ್ಟೆಗಳಿದ್ದವು. ಆ ತಪ್ಪು ನನ್ನದೇ ಆಗಿತ್ತು.

ಅಂದು ಸಂಜೆ ಅಡುಗೆಮನೆಯ ತಕ್ಕಡಿಯಲ್ಲಿ ಡಬ್ಬಿಯನ್ನು ತೂಗಿ, ಮಕ್ಕಳಿಗೆ ಹೊಡೆಯುತ್ತಿದ್ದಷ್ಟೇ ಹೊತ್ತು ನನ್ನ ಎರಡೂ ತೋಳುಗಳಿಗೆ ಹೊಡೆದುಕೊಂಡು, ಮತ್ತೆ ತೂಗಿದೆ. ಕಡಿಮೆಯಾಗಿದ್ದದ್ದು ಬರೀ 2 ಗ್ರಾಂ, ಅದರಲ್ಲಿಯೂ ಒಂದು ಪಾಲು ಹಾರಿಹೋಗುವ ಅನಿಲ ಮತ್ತು ಆಲ್ಕೋಹಾಲ್. ಡಬ್ಬಿಯ ಮೇಲೆ ಬರೆದಿರುವ ಎಸ್‌ಪಿಎಫ್ ಅಂಕಿಯನ್ನು, ಅಂದರೆ ಬಿಸಿಲಿನ ಸುಡುವಿಕೆಯಿಂದ ಎಷ್ಟು ರಕ್ಷಣೆ ಸಿಗುತ್ತದೆ ಎಂಬ ಅಳತೆಯನ್ನು, ಪ್ರಯೋಗಾಲಯದಲ್ಲಿ ನಿರ್ಧರಿಸುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪಿಸಿರುತ್ತಾರೆ. ಆ ಲೆಕ್ಕದಲ್ಲಿ ದೊಡ್ಡವರ ಒಂದೊಂದು ತೋಳಿಗೂ ಸುಮಾರು ಒಂದು ಟೀ ಚಮಚದಷ್ಟು, ಇಡೀ ಮೈಗೆ ಸುಮಾರು 30 ಮಿಲಿಲೀಟರ್ ಬೇಕು. ಎಸ್‌ಪಿಎಫ್ 50 ಎಂಬ ಬರಹವನ್ನು ನಂಬಿ, ಅದರ ಸಣ್ಣ ಪಾಲಿನಷ್ಟು ರಕ್ಷಣೆಯನ್ನು ಮಾತ್ರ ನಾನು ಕೊಟ್ಟಿದ್ದೆ. ಜೊತೆಗೆ ಕಡಲಗಾಳಿ ಮಂಜಿನಂತಹ ಆ ಹನಿಗಳನ್ನು ಚರ್ಮ ಮುಟ್ಟುವ ಮೊದಲೇ ಹೊತ್ತೊಯ್ಯುತ್ತಿತ್ತು.

ಈಗ ಕಡಲ ದಂಡೆಯಲ್ಲಿ ಸ್ಪ್ರೇ ಹೊಡೆಯುವುದನ್ನು ಬಿಟ್ಟಿದ್ದೇನೆ. ನೀರಿಗಿಳಿಯುವ ಇಪ್ಪತ್ತು ನಿಮಿಷ ಮೊದಲು, ಬೋರ್ಡುಗಳನ್ನಿಡುವ ಕೊಟ್ಟಿಗೆಯ ಮರೆಯಲ್ಲಿ, ಗಾಳಿ ತಟ್ಟದ ಆದರೆ ಮುಚ್ಚಿರದ ಜಾಗದಲ್ಲಿ ಹಚ್ಚುತ್ತೇವೆ. ಡಬ್ಬಿಯ ಮೂತಿಯನ್ನು ಚರ್ಮದಿಂದ ಅರ್ಧ ಗೇಣು ದೂರದಲ್ಲಿ ಹಿಡಿದು, ಚರ್ಮ ಒದ್ದೆಯಾಗಿ ಹೊಳೆಯುವವರೆಗೆ ನಿಧಾನವಾಗಿ ಎರಡು ಬಾರಿ ಹೊಡೆದು, ಕೂಡಲೇ ಅಂಗೈಯಿಂದ ಎಲ್ಲ ಕಡೆಗೂ ಸವರುತ್ತೇವೆ. ಈ ಸವರುವಿಕೆಯೇ ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ಪ್ರೇ ಬಿದ್ದ ಜಾಗ ಯಾವುದು, ಬೀಳದ ಜಾಗ ಯಾವುದು ಎಂಬುದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಮಾತ್ರ ತಿಳಿಯುತ್ತದೆ. ಕಿವಿಯ ತುದಿ, ಕತ್ತಿನ ಹಿಂಭಾಗ, ಮಂಡಿಯ ಹಿಂದಿನ ಮಡಿಕೆ, ಪಾದದ ಮೇಲ್ಭಾಗ ಇವೆಲ್ಲ ತಪ್ಪಿಹೋಗುವ ಜಾಗಗಳು. ಬೋರ್ಡಿನ ಮೇಲೆ ಬೋರಲು ಮಲಗಿ ಕೈ ಬೀಸುವವರಿಗೆ ಮಂಡಿಯ ಹಿಂಭಾಗವೇ ಮೊದಲು ಸುಡುತ್ತದೆ.

ಮುಖಕ್ಕೆ ನೇರವಾಗಿ ಎಂದೂ ಹೊಡೆಯುವುದಿಲ್ಲ. ಅಂಗೈಗೆ ಹೊಡೆದುಕೊಂಡು ಹಚ್ಚಬಹುದು, ಆದರೆ ಮಕ್ಕಳ ಮುಖಕ್ಕೆ ನಾನು ಕ್ರೀಮನ್ನೇ ಇಟ್ಟುಕೊಂಡಿದ್ದೇನೆ. ಸತುವಿನ ಅಥವಾ ಟೈಟಾನಿಯಂನ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಚರ್ಮದ ಮೇಲೆ ಒಳ್ಳೆಯದೇ ಆದರೂ ಅದರ ಸೂಕ್ಷ್ಮ ಕಣಗಳು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋಗಬಾರದು. ತೋಳಿಗೆ ಹೊಡೆಯುವಾಗಲೂ ಮುಖ ಆಚೆ ತಿರುಗಿಸಿ ಉಸಿರು ಬಿಗಿಹಿಡಿಯಲು ಹೇಳುತ್ತೇನೆ. ಆಸ್ತಮಾ ಇರುವ ಮಕ್ಕಳ ಹತ್ತಿರ ಡಬ್ಬಿಯನ್ನೇ ತರುವುದಿಲ್ಲ, ಅವರಿಗೆ ಪೂರ್ತಿ ಕ್ರೀಮ್.

ಬೆಂಕಿಯ ವಿಷಯ ನನಗೂ ತಡವಾಗಿ ಹೊಳೆಯಿತು. ಇಂತಹ ಬಹುಪಾಲು ಡಬ್ಬಿಗಳಲ್ಲಿ ದ್ರವವನ್ನು ಹೊರಗೆ ತಳ್ಳುವುದು ಬ್ಯೂಟೇನ್, ಪ್ರೊಪೇನ್‌ನಂತಹ ಅನಿಲಗಳು, ಅಂದರೆ ಅಡುಗೆ ಸಿಲಿಂಡರಿನಲ್ಲಿರುವುದೇ. ನಮ್ಮ ಚಹಾದ ಒಲೆ ಮೊದಲು ಅದೇ ಕೊಟ್ಟಿಗೆಯಲ್ಲಿತ್ತು. ಸ್ಪ್ರೇ ಹಚ್ಚಿಕೊಂಡು ಉರಿಯ ಬಳಿ ಹೋದವರ ಮೈಗೆ ಬೆಂಕಿ ಹತ್ತಿದ ಪ್ರಕರಣಗಳು ಅಮೆರಿಕದಲ್ಲಿ ವರದಿಯಾಗಿವೆ ಎಂದು ಓದಿದ ದಿನವೇ ಒಲೆಯನ್ನು ಹೊರಗೆ ಸಾಗಿಸಿದೆ. ಡಬ್ಬಿಯನ್ನು ಬಿಸಿಲಿಗೆ ಕಾದ ಕಾರಿನಲ್ಲಿಯೂ ಬಿಡುವುದಿಲ್ಲ.

ನೀರಿನಿಂದ ಮೇಲೆ ಬಂದಾಗಲೆಲ್ಲ ಟವೆಲಿನಿಂದ ಮೈ ಒರೆಸಿಕೊಂಡು ಮತ್ತೆ ಹಚ್ಚಬೇಕು, ಏಕೆಂದರೆ ನೀರು ತಡೆಯುತ್ತದೆ ಎಂಬ ಬರಹದ ಅರ್ಥ 40 ಅಥವಾ 80 ನಿಮಿಷ ಮಾತ್ರ, ಮತ್ತು ಒದ್ದೆ ಮೈಗೆ ಹೊಡೆದದ್ದು ನಿಲ್ಲದೆ ಜಾರಿಹೋಗುತ್ತದೆ. ನೀರಿಗಿಳಿಯದೆ ದಂಡೆಯಲ್ಲಿ ಕುಳಿತವರಿಗೂ ಎರಡು ಗಂಟೆಗೊಮ್ಮೆ ಬೇಕು. ಹೀಗೆ ಸರಿಯಾಗಿ ಬಳಸತೊಡಗಿದ ಮೇಲೆ ತಿಂಗಳು ಬರುತ್ತಿದ್ದ ಡಬ್ಬಿ ಎರಡೇ ತರಗತಿಗಳಲ್ಲಿ ಮುಗಿಯಿತು. ಆದ್ದರಿಂದ ಎಲ್ಲ ಮಕ್ಕಳಿಗೂ ತುಂಬುತೋಳಿನ ಈಜುಡುಪು ಕಡ್ಡಾಯ ಮಾಡಿ, ಬೆಳಗಿನ ತರಗತಿಯನ್ನು ಒಂಬತ್ತೂವರೆಗೆ ಮುಗಿಸುತ್ತಿದ್ದೇನೆ. ಸ್ಪ್ರೇ ಈಗ ಕಾಲುಗಳಿಗೆ ಮಾತ್ರ.