ಅಪ್ಪನ ಮಂಡಿ ಲೆಕ್ಕ, ನನ್ನ ಕೇಸ್ ಇಂಟರ್‌ವ್ಯೂ

ಮೊದಲ ಸಲ ಕನ್ಸಲ್ಟಿಂಗ್ ಕಂಪನಿಯ, ಅಂದರೆ ಬೇರೆ ಕಂಪನಿಗಳಿಗೆ ಸಲಹೆ ಕೊಡುವ ಕಂಪನಿಯ, ಇಂಟರ್‌ವ್ಯೂಗೆ ಹೋದಾಗ ಎರಡು ನಿಮಿಷ ನಾನು ಬಾಯೇ ಬಿಡಲಿಲ್ಲ. ಕೇಳಿದ್ದು ಅಂಥ ಕಷ್ಟದ ಪ್ರಶ್ನೆಯೇನಲ್ಲ. ಒಂದು ಸೂಪರ್‌ಮಾರ್ಕೆಟ್ ಕಂಪನಿಯ ಲಾಭ ಎರಡು ವರ್ಷದಿಂದ ಇಳಿಯುತ್ತಿದೆ, ಯಾಕಿರಬಹುದು ಅಂತ. ಇಂಥ ಪ್ರಶ್ನೆಗೆ 'ಕೇಸ್' ಅನ್ನುತ್ತಾರೆ. ತಲೆಯೊಳಗೆ ಯೋಚನೆ ಓಡುತ್ತಲೇ ಇತ್ತು. ಆದರೆ ಅದು ಕನ್ನಡದಲ್ಲಿ ಓಡುತ್ತಿತ್ತು. ಅದನ್ನು ಇಂಗ್ಲಿಷಿಗೆ ತಿರುಗಿಸಿ, ತಪ್ಪಿಲ್ಲದ ವಾಕ್ಯ ಕಟ್ಟಿಕೊಂಡು ಆಮೇಲೆ ಹೇಳೋಣ ಅಂತ ಕೂತುಬಿಟ್ಟೆ.

ಕೊನೆಗೆ ಬಾಯಿಂದ ಬಂದದ್ದು ಉರು ಹೊಡೆದಿದ್ದ ಪಟ್ಟಿ. ಆದಾಯ, ಖರ್ಚು, ಗಿರಾಕಿ, ಪೈಪೋಟಿ, ಮಾರ್ಕೆಟ್. "ಇದರಲ್ಲಿ ಮೊದಲು ಯಾವುದನ್ನ ನೋಡ್ತೀರಿ? ಯಾಕೆ?" ಅಂದರು. ಆ 'ಯಾಕೆ'ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೆಯೇ ಫೋನ್ ಬಂತು. ಈ ಸಲ ಆಗಲಿಲ್ಲ ಅಂದರು.

ಆಗ ನಾನು ಪೀಣ್ಯದಲ್ಲಿ ಗಾಡಿ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಮೂರು ವರ್ಷ ಆಗಿತ್ತು. ಊರು ತಿಪಟೂರು ಹತ್ತಿರ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಏಳನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಇಂಗ್ಲಿಷ್ ಬರುತ್ತಿತ್ತು, ಆಫೀಸಿನ ಮೇಲ್, ಮೀಟಿಂಗ್ ಎಲ್ಲ ಅದರಲ್ಲೇ. ಆದರೂ ಲೆಕ್ಕ ಹಾಕುವಾಗ, ಏನೋ ಕೆಟ್ಟು ಕೂತಾಗ ಕಾರಣ ಹುಡುಕುವಾಗ, ಒಳಗೆ ಮಾತಾಡುವುದು ಕನ್ನಡವೇ. ನನ್ನ ಹಾಗೆ ಇರುವವರು ತುಂಬಾ ಜನ ಇದ್ದೀರಿ ಅಂತ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ವಾರ ಊರಿಗೆ ಹೋಗಿದ್ದೆ. ರಾತ್ರಿ ಊಟ ಆದಮೇಲೆ ಅಪ್ಪ, "ಅದೇನು ಕೇಳಿದ್ರು ಹೇಳು" ಅಂದರು. ಸೂಪರ್‌ಮಾರ್ಕೆಟ್ ಬಿಟ್ಟು, ಅವರಿಗೆ ಗೊತ್ತಿರುವ ಹಾಗೆ ತಿರುಗಿಸಿ ಕೇಳಿದೆ. "ಒಂದು ಮಂಡಿಯ ಲಾಭ ಹೋದ ವರ್ಷಕ್ಕಿಂತ ಕಡಿಮೆ ಆಗಿದೆ. ಯಾಕೆ?"

ಅಪ್ಪ ಒಂದು ಕ್ಷಣವೂ ಸುಮ್ಮನಿರಲಿಲ್ಲ.

"ಆವಕ ಕಡಿಮೆಯಾಯ್ತಾ, ಇಲ್ಲ ದರ ಬಿತ್ತಾ? ಮೊದಲು ಅದು ಹೇಳು. ಎರಡೂ ಸರಿ ಇದ್ರೆ ಖರ್ಚಿಗೆ ಬಾ. ಹಮಾಲಿ, ಚೀಲ, ಬಾಡಿಗೆ, ಬಡ್ಡಿ. ಅದೂ ಸರಿ ಇದ್ರೆ ಬಂದ ಮಾಲು ಎಂಥದ್ದು ನೋಡು. ಆವಕ ಜಾಸ್ತಿ ಇರುತ್ತೆ ಕಣಮ್ಮ, ಆದ್ರೆ ಎಲ್ಲಾ ಸಣ್ಣ ಉಂಡೆ. ಚೀಲ ಎಣಿಸಿದ್ರೆ ಖುಷಿ, ದುಡ್ಡು ಎಣಿಸಿದ್ರೆ ಇಲ್ಲ."

ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷ ಕಾದರೆ ಉಂಡೆ ಕೊಬ್ಬರಿ ಆಗುವುದು. ಅಷ್ಟು ಕಾದ ಮೇಲೆ ಒಂದು ಚೀಲಕ್ಕೂ ಇನ್ನೊಂದು ಚೀಲಕ್ಕೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಅಂತ ಅಪ್ಪನಿಗೆ ಕೈಯಲ್ಲಿ ಹಿಡಿದು ಅಲುಗಿಸಿದರೆ ಗೊತ್ತಾಗುತ್ತದೆ. ನಾನು ಪುಸ್ತಕದಲ್ಲಿ ತಿಂಗಳುಗಟ್ಟಲೆ ಓದಿದ್ದನ್ನು ಅವರು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಹೇಳಿ ಮುಗಿಸಿದ್ದರು. ಅದೂ ಸರಿಯಾದ ಕ್ರಮದಲ್ಲಿ. ಒಂದು ಪ್ರಶ್ನೆಗೆ ಉತ್ತರ ಸಿಕ್ಕಮೇಲೆ ಇನ್ನೊಂದು.

ಕನ್ಸಲ್ಟಿಂಗ್ ಕೆಲಸದವರು ಇದಕ್ಕೆ 'ಮೀಸಿ' (MECE) ಅನ್ನುತ್ತಾರೆ. ಸಮಸ್ಯೆಯನ್ನು ಭಾಗ ಮಾಡಿದಾಗ ಒಂದು ಭಾಗ ಇನ್ನೊಂದರೊಳಗೆ ನುಗ್ಗಬಾರದು, ಯಾವ ಭಾಗವೂ ಬಿಟ್ಟುಹೋಗಬಾರದು. ಈ ಮಾತನ್ನು ಚಾಲ್ತಿಗೆ ತಂದವರು ಬಾರ್ಬರಾ ಮಿಂಟೊ. 1963ರಲ್ಲಿ ಮೆಕಿನ್ಸಿ ಅನ್ನುವ ಕನ್ಸಲ್ಟಿಂಗ್ ಕಂಪನಿ ಸೇರಿದವರು, ಅಲ್ಲಿ ಕೆಲಸಕ್ಕೆ ತೆಗೆದುಕೊಂಡ ಮೊದಲ ಎಂಬಿಎ ಮಹಿಳೆ. ನನಗೆ ಮಾತ್ರ ಅದು ಅರ್ಥ ಆದದ್ದು ಆ ರಾತ್ರಿ ಜಗಲಿ ಮೇಲೆ.

ಬೆಂಗಳೂರಿಗೆ ವಾಪಸ್ ಬಂದು ಪ್ರಾಕ್ಟೀಸಿನ ರೀತಿಯನ್ನೇ ಬದಲಾಯಿಸಿದೆ. ಕಾಲೇಜಿನ ಸೀನಿಯರ್ ಒಬ್ಬರು ಆಗಲೇ ಕನ್ಸಲ್ಟಿಂಗ್‌ನಲ್ಲಿ ಇದ್ದರು. ಅವರಿಗೆ ಫೋನ್ ಮಾಡಿ, "ಅಕ್ಕಾ, ಕೇಸ್ ಕೊಡಿ, ಆದ್ರೆ ನಾನು ಮೊದಲು ಕನ್ನಡದಲ್ಲೇ ಬಿಡಿಸ್ತೀನಿ" ಅಂದೆ. ಅವರಿಗೂ ಹೊಸದು, ಆದರೆ ಒಪ್ಪಿದರು. ವಾರಕ್ಕೆ ನಾಲ್ಕು ಕೇಸ್, ಹತ್ತು ವಾರ. ಮೊದಲ ನಾಲ್ಕು ವಾರ ಪೂರ್ತಿ ಕನ್ನಡ. ಯೋಚನೆ ಮಾಡುತ್ತಾ ಮಾಡುತ್ತಲೇ ಬಾಯಿಬಿಟ್ಟು ಹೇಳುವುದು, ಅದೊಂದೇ ಅಭ್ಯಾಸ. ಆಮೇಲೆ ಅದೇ ಕೇಸನ್ನು ಇಂಗ್ಲಿಷಿನಲ್ಲಿ ಹೇಳುವುದು. ಆಶ್ಚರ್ಯ ಅಂದರೆ ಎರಡನೇ ಸಲ ಇಂಗ್ಲಿಷ್ ತಡವರಿಸುತ್ತಲೇ ಇರಲಿಲ್ಲ. ಹೇಳಬೇಕಾದ್ದು ಗಟ್ಟಿ ಇದ್ದರೆ ಸಣ್ಣ ಸಣ್ಣ ವಾಕ್ಯ ತಾನಾಗಿ ಬರುತ್ತದೆ. ನನಗೆ ತೊಂದರೆ ಕೊಟ್ಟಿದ್ದು ಇಂಗ್ಲಿಷ್ ಅಲ್ಲ, ಯೋಚನೆ ಮತ್ತು ಅನುವಾದ ಎರಡನ್ನೂ ಒಂದೇ ಹೊತ್ತಿಗೆ ಮಾಡಲು ಹೋಗಿದ್ದು.

ಒಂದು ವಿಷಯ ಮೊದಲೇ ತಿಳಿದುಕೊಳ್ಳಿ. ಎಲ್ಲ ಕಡೆ ಇಂಟರ್‌ವ್ಯೂ ಒಂದೇ ರೀತಿ ಇರಲ್ಲ. ಮೆಕಿನ್ಸಿಯಲ್ಲಿ ಸಾಮಾನ್ಯವಾಗಿ ಇಂಟರ್‌ವ್ಯೂ ಮಾಡುವವರೇ ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಕರೆದುಕೊಂಡು ಹೋಗುತ್ತಾರೆ. ಬಿಸಿಜಿ, ಬೇನ್ ಅನ್ನುವ ಕನ್ಸಲ್ಟಿಂಗ್ ಕಂಪನಿಗಳ ಕಡೆ ಜಾಸ್ತಿ ನಾವೇ ದಾರಿ ಹಿಡಿಯಬೇಕು. ನಾನು ಎರಡನೇ ಸಲ ಹೋದದ್ದು ಬೇರೊಂದು ಕಂಪನಿಗೆ, ಫ್ಯಾಕ್ಟರಿಗಳ ಕೆಲಸ ನೋಡುವ ಟೀಮಿಗೆ. ರೆಸ್ಯೂಮ್, ಆನ್‌ಲೈನ್ ಟೆಸ್ಟ್ ದಾಟಿದ ಮೇಲೆ ಒಂದೇ ದಿನ ಮೂರು ರೌಂಡ್.

ಮೊದಲ ರೌಂಡಿನಲ್ಲಿ ಅಂದಾಜಿನ ಪ್ರಶ್ನೆ. ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಲೀಟರ್ ಹಾಲು ಖರ್ಚಾಗುತ್ತದೆ? ನಾನು ಹಾಳೆ ಅಡ್ಡ ಇಟ್ಟುಕೊಂಡೆ. ಜನ 1 ಕೋಟಿ 40 ಲಕ್ಷ, ಮನೆಗೆ ನಾಲ್ಕು ಜನ ಅಂತ ಹಿಡಿದರೆ 35 ಲಕ್ಷ ಮನೆ. ಲೀಟರ್ ಬಿಟ್ಟು ಅರ್ಧ ಲೀಟರಿನ ಪ್ಯಾಕೆಟ್ ಲೆಕ್ಕದಲ್ಲಿ ಹೋದೆ, ಯಾಕೆಂದರೆ ಬೆಳಿಗ್ಗೆ ನಂದಿನಿ ಬೂತಿನ ಮುಂದೆ ಜನ ಕೇಳುವುದು ಹಾಗೇ ಅಲ್ವಾ, ಒಂದು, ಎರಡು, ಮೂರು ಅಂತ. ನೂರರಲ್ಲಿ 40 ಮನೆಗೆ ಒಂದು ಪ್ಯಾಕೆಟ್, 40 ಮನೆಗೆ ಎರಡು, 20 ಮನೆಗೆ ಮೂರು. ಒಟ್ಟು 63 ಲಕ್ಷ ಪ್ಯಾಕೆಟ್, ಅಂದರೆ 31.5 ಲಕ್ಷ ಲೀಟರ್. ಹೋಟೆಲು, ಟೀ ಅಂಗಡಿಗೆ ಅದರ ಐದನೇ ಒಂದು ಭಾಗ ಸೇರಿಸಿದೆ. ಸುಮಾರು 38 ಲಕ್ಷ ಆಯಿತು.

ಅಲ್ಲಿಗೆ ನಿಲ್ಲಿಸಲಿಲ್ಲ. ತಲೆಗೆ ಎಷ್ಟು ಬಂತು ಅಂತ ನೋಡಿದೆ. 270 ಮಿಲಿ. "ಇದು ಜಾಸ್ತಿ ಆಯ್ತು ಅನ್ಸುತ್ತೆ" ಅಂತ ಜೋರಾಗಿಯೇ ಹೇಳಿದೆ. ನಾನಿದ್ದ ಪೀಣ್ಯದ ರೂಮಿನಲ್ಲಿ ಮೂವರು ಹುಡುಗಿಯರಿಗೆ ಒಂದೇ ಪ್ಯಾಕೆಟ್. ಎದುರು ಮನೆಯಲ್ಲಿ ದುಡಿಯಲು ಬಂದ ಐದು ಹುಡುಗರಿದ್ದರು, ಅವರು ಹಾಲೇ ತರುತ್ತಿರಲಿಲ್ಲ, ಟೀ ಅಂಗಡಿಯಲ್ಲೇ ಎಲ್ಲ. ಹಾಗಾಗಿ ನೂರರಲ್ಲಿ ಹತ್ತು ಮನೆಗೆ ಹಾಲೇ ಇಲ್ಲ ಅಂತ ಮಾಡಿ, ಮೂರು ಪ್ಯಾಕೆಟ್ ಮನೆಗಳನ್ನು ಹತ್ತಕ್ಕೆ ಇಳಿಸಿದೆ. 52.5 ಲಕ್ಷ ಪ್ಯಾಕೆಟ್. ಹೋಟೆಲು ಸೇರಿ 31.5 ಲಕ್ಷ ಲೀಟರ್. ತಲೆಗೆ 225 ಮಿಲಿ. ಇದು ಒಪ್ಪುತ್ತೆ ಅಂದೆ. ಎದುರಿಗಿದ್ದವರು ಪೆನ್ನು ಕೆಳಗಿಟ್ಟು, ಆ ಎದುರು ಮನೆ ಹುಡುಗರ ಬಗ್ಗೆ ಇನ್ನೆರಡು ಪ್ರಶ್ನೆ ಕೇಳಿದರು. ನಿಜವಾದ ಸಂಖ್ಯೆ ಎಷ್ಟು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ತಪ್ಪನ್ನು ನಾನೇ ಹಿಡಿಯುತ್ತೇನಾ ಅನ್ನುವುದನ್ನೇ ಅವರು ನೋಡುತ್ತಿದ್ದರು.

ಎರಡನೇ ರೌಂಡಿನಲ್ಲಿ ನನ್ನ ಕೆಲಸದ ಬಗ್ಗೆ. ಒಪ್ಪದವರನ್ನು ಒಪ್ಪಿಸಿದ ಒಂದು ಸಂದರ್ಭ ಹೇಳಿ ಅಂದರು. ಮಷಿನಿನ ಸೆಟಪ್ ಬದಲಾಯಿಸಲು 50 ನಿಮಿಷ ಆಗುತ್ತಿದ್ದದ್ದನ್ನು 30ಕ್ಕೆ ತಂದ ಕತೆ ಹೇಳಿದೆ. ಮಾಡಿದ್ದು ಇಷ್ಟೇ, ಮಷಿನ್ ನಿಲ್ಲುವ ಮೊದಲೇ ಟೂಲ್, ಫಿಕ್ಸ್ಚರ್ ಎಲ್ಲ ಟ್ರಾಲಿಯಲ್ಲಿ ಜೋಡಿಸಿಟ್ಟುಕೊಳ್ಳುವುದು. ಹಿರಿಯ ಆಪರೇಟರ್ ಒಬ್ಬರು ಖಡಾಖಂಡಿತ ಬೇಡ ಅಂದಿದ್ದರು. ಒಂದು ವಾರ ಅವರ ಶಿಫ್ಟಿನಲ್ಲೇ ನಿಂತೆ. ಆಮೇಲೆ ಗೊತ್ತಾಯಿತು, ಸಮಯ ಉಳಿದರೆ ಪೀಸಿನ ಟಾರ್ಗೆಟ್ ಏರಿಸುತ್ತಾರೆ ಅನ್ನುವ ಭಯ ಅವರಿಗೆ. ಮ್ಯಾನೇಜರ್ ಹತ್ತಿರ ಮಾತಾಡಿ, ಮೂರು ತಿಂಗಳು ಟಾರ್ಗೆಟ್ ಮುಟ್ಟಲ್ಲ ಅಂತ ಬರೆಸಿಕೊಂಡ ಮೇಲೆ ಟ್ರಾಲಿಯನ್ನು ಅವರೇ ಜೋಡಿಸಿದರು. ಇಂಥ ಪ್ರಶ್ನೆಗೆ ಎಲ್ಲರೂ 'ನಾವು ಮಾಡಿದೆವು' ಅಂತ ಹೇಳುತ್ತಾರೆ. ಅವರಿಗೆ ಬೇಕಾದದ್ದು ನೀವೇನು ಮಾಡಿದಿರಿ ಅನ್ನುವುದು. ಸಂಕೋಚ ಪಡಬೇಡಿ.

ಮೂರನೆಯದು ಆ ಕಂಪನಿಯ ಪಾರ್ಟ್ನರ್, ಅಂದರೆ ಪಾಲುದಾರರು, ಒಬ್ಬರ ಜೊತೆ. ಬಿಸ್ಕತ್ ಕಂಪನಿಯ ಕೇಸ್. ಮಾರಾಟ 10 ಕೋಟಿ ಪ್ಯಾಕೆಟ್‌ನಿಂದ 11 ಕೋಟಿಗೆ ಏರಿದೆ, ಲಾಭ ಮಾತ್ರ ಇಳಿದಿದೆ. ಬೆಲೆ ಬದಲಾಗಿಲ್ಲ. ಒಂದು ಪ್ಯಾಕೆಟ್ ಮಾಡುವ ಖರ್ಚೂ ಬದಲಾಗಿಲ್ಲ.

ಆವಕ ಸರಿ, ದರ ಸರಿ, ಖರ್ಚು ಸರಿ. ಒಳಗೆ ಅಪ್ಪನ ದನಿಯೇ ಕೇಳಿಸಿದ ಹಾಗಾಯಿತು. ಬಂದ ಮಾಲು ಎಂಥದ್ದು ನೋಡು.

"ಯಾವ ಯಾವ ಪ್ಯಾಕೆಟ್ ಎಷ್ಟೆಷ್ಟು ಹೋಗಿದೆ?" ಅಂತ ಕೇಳಿದೆ. ಅವರು ಅಂಕಿ ಕೊಟ್ಟರು. 10 ರೂಪಾಯಿಯದಕ್ಕೆ 2 ರೂಪಾಯಿ ಉಳಿಯುತ್ತದೆ, 5 ರೂಪಾಯಿಯದಕ್ಕೆ 50 ಪೈಸೆ. ಮೊದಲು ದೊಡ್ಡದು 4 ಕೋಟಿ, ಸಣ್ಣದು 6 ಕೋಟಿ. ಅಂದರೆ ಲಾಭ 8 ಮತ್ತು 3, ಒಟ್ಟು 11 ಕೋಟಿ. ಈಗ ದೊಡ್ಡದು 3 ಕೋಟಿ, ಸಣ್ಣದು 8 ಕೋಟಿ. 6 ಮತ್ತು 4, ಒಟ್ಟು 10 ಕೋಟಿ. ಪ್ಯಾಕೆಟ್ ಒಂದು ಕೋಟಿ ಜಾಸ್ತಿ, ಲಾಭ ಒಂದು ಕೋಟಿ ಕಡಿಮೆ. ಚೀಲ ಎಣಿಸಿದರೆ ಖುಷಿ, ದುಡ್ಡು ಎಣಿಸಿದರೆ ಇಲ್ಲ.

ಅದು ಹೇಗೆ ಅಷ್ಟು ಬೇಗ ಅಲ್ಲಿಗೆ ಬಂದಿರಿ ಅಂತ ಕೇಳಿದರು. ಮಂಡಿಯ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ನಾಲ್ಕು ದಿನದ ಮೇಲೆ ಆಫರ್ ಬಂತು.

ಈಗ ಭಾನುವಾರ ಬೆಳಿಗ್ಗೆ ಹಳೇ ಕಾಲೇಜಿನ ಮೂರ್ನಾಲ್ಕು ಮಕ್ಕಳಿಗೆ ನಾನೇ ಕೇಸ್ ಕೊಡುತ್ತೇನೆ. ಮೊದಲ ಇಪ್ಪತ್ತು ನಿಮಿಷ ಕನ್ನಡದಲ್ಲಿ ಮಾತ್ರ. ಹೋದ ವಾರ ಒಬ್ಬ ಹುಡುಗ, "ಅಕ್ಕಾ, ನಮ್ಮಮ್ಮ ಹೂವಿನ ವ್ಯಾಪಾರ ಮಾಡ್ತಾರೆ. ಹಬ್ಬದ ದಿನ ಜಾಸ್ತಿ ಮಾರಿದ್ರೂ ಕೈಗೆ ಕಮ್ಮಿ ಉಳೀತು ಅಂತಿರ್ತಾರೆ. ಅದೇ ಕೇಸ್ ಮಾಡ್ಲಾ?" ಅಂದ. ಮಾಡು ಅಂದೆ. ಎಲ್ಲರೂ ಹಾಳೆ ತೆಗೆದರು. ಮೊದಲ ಗೆರೆಯಲ್ಲಿ ಅವನು ಬರೆದದ್ದು, 'ಮಾರದೆ ಬಾಡಿದ್ದು ಎಷ್ಟು ಮೊಳ?'