ಚುಕ್ಕೆ ಕಂಡ ಕೂಡಲೇ ಎಣ್ಣಿ ಹೊಡೆಯುವ ಮುಂಚೆ

ನಮ್ಮ ಕಡೆ ಗಿಡಕ್ಕೆ ಔಷಧ ಸಿಂಪಡಿಸುವುದಕ್ಕೆ ‘ಎಣ್ಣಿ ಹೊಡಿಯೋದು’ ಅಂತಾರೆ. ಹುಳಕ್ಕೂ ಎಣ್ಣಿ, ರೋಗಕ್ಕೂ ಎಣ್ಣಿ. ಎರಡಕ್ಕೂ ಒಂದೇ ಹೆಸರು ಇರೋದರಿಂದ ಎಷ್ಟು ನಷ್ಟ ಆಗುತ್ತದೆ ಅಂತ ನಾನು ಸಣ್ಣವಳಿದ್ದಾಗಲೇ ನೋಡಿದ್ದೇನೆ.

ಕುಷ್ಟಗಿ ಹತ್ತಿರ ನಮ್ಮಪ್ಪನ ದಾಳಿಂಬೆ ತೋಟ ಇತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅದಕ್ಕೆ ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ರೋಗ ಬಿತ್ತು. ಮೊದಲು ಎಲೆ ಮೇಲೆ ಎಣ್ಣೆ ಸಿಡಿದಂಥ ಸಣ್ಣ ಚುಕ್ಕೆ. ಆಮೇಲೆ ಕಾಯಿ ಮೇಲೆ ಕಪ್ಪು ಕಲೆ. ಕೊನೆಗೆ ಕಲೆ ಇದ್ದಲ್ಲೇ ಕಾಯಿ ಸೀಳಿತು. ಅಂಗಡಿಯಲ್ಲಿ ಕೊಟ್ಟ ಹುಳದ ಎಣ್ಣಿಯನ್ನು ಅಪ್ಪ ಮೂರು ಸಲ ಹೊಡೆದರು. ದುಂಡಾಣುವಿಗೆ ಹುಳದ ಔಷಧ ಏನು ಮಾಡೀತು? ರೋಗದ ಹೆಸರು ತಿಳಿಯುವ ಹೊತ್ತಿಗೆ ತೋಟದ ತುಂಬ ಹಬ್ಬಿತ್ತು. ಗಿಡಗಳನ್ನು ಕಿತ್ತು ಬದುವಿಗೆ ಹಾಕಿದ್ದು ಇನ್ನೂ ಕಣ್ಣ ಮುಂದಿದೆ.

ಈಗ ನಾನು ಕೊಪ್ಪಳದಲ್ಲಿದ್ದೇನೆ. ಮನೆಯಲ್ಲೇ ಹೊಲಿಗೆ ಕೆಲಸ. ಪಡಸಾಲೆ, ಜಗಲಿ, ಅಡುಗೆಮನೆ ಕಿಟಕಿ ಎಲ್ಲ ಸೇರಿ ನಲವತ್ತರ ಹತ್ತಿರ ಕುಂಡಗಳಿವೆ. ಶುರುವಿನಲ್ಲಿ ನಾನೂ ಅಪ್ಪನ ದಾರಿಯಲ್ಲೇ ಹೋದೆ. ಒಂದು ಏಪ್ರಿಲ್‌ನಲ್ಲಿ ಮನಿ ಪ್ಲಾಂಟಿನ ಎಲೆಗಳು ಮಂಕಾಗಿ, ಸಣ್ಣ ಸಣ್ಣ ಬಿಳಿ ಚುಕ್ಕೆ ಕಾಣಿಸಿದವು. ಗಾಬರಿಯಾಗಿ ಬೆಳಿಗ್ಗೆ ಹನ್ನೊಂದಕ್ಕೆ ಬೇವಿನೆಣ್ಣೆ ಕಲಸಿ ಹೊಡೆದೆ. ಅಳತೆ ನೋಡಲಿಲ್ಲ, ಹೊತ್ತು ನೋಡಲಿಲ್ಲ. ನಮ್ಮಲ್ಲಿ ಆ ಹೊತ್ತಿಗೆ ಬಿಸಿಲು ಹೇಗಿರುತ್ತದೆ ಅಂತ ಹೇಳಬೇಕಾ? ಸಂಜೆಗೆ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದವು. ಆ ಚುಕ್ಕೆ ಯಾವುದರದ್ದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಯಾಕೆಂದರೆ ನಾನು ಎಲೆಯನ್ನು ತಿರುಗಿಸಿಯೇ ನೋಡಿರಲಿಲ್ಲ.

ಆವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಚುಕ್ಕೆ ಕಂಡ ದಿನ ಎಣ್ಣಿ ಮುಟ್ಟುವುದಿಲ್ಲ. ಗಿಡವನ್ನು ಉಳಿದ ಕುಂಡಗಳಿಂದ ದೂರ ಇಟ್ಟು, ಮೊದಲು ಆ ಚುಕ್ಕೆಯನ್ನು ವಿಚಾರಿಸುತ್ತೇನೆ.

ಮೊದಲನೇ ಕೆಲಸ ಒರೆಸುವುದು. ಹಳೆ ಹತ್ತಿ ಬಟ್ಟೆ ಒದ್ದೆ ಮಾಡಿ ಎಲೆಯ ಮೇಲೆ ಮೆಲ್ಲಗೆ ಎಳೆಯುತ್ತೇನೆ. ಎಷ್ಟೋ ಸಲ ಅರ್ಧ ಸಮಸ್ಯೆ ಇಲ್ಲೇ ಮುಗಿಯುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು. ಎಲೆ ಮೇಲೆ ಹನಿ ಬಿದ್ದು ಒಣಗಿದರೆ ಸುಣ್ಣದ ಹಾಗೆ ಬಿಳಿ ಮಚ್ಚೆ ಉಳಿಯುತ್ತದೆ. ನೀರಿಗೆ ಎರಡು ಹನಿ ನಿಂಬೆರಸ ಹಾಕಿ ಒರೆಸಿದರೆ ಹೋಗುತ್ತದೆ. ಹತ್ತಿ ಅಂಟಿದಂಥ ಬಿಳಿ ಗಂಟು ಬಟ್ಟೆಗೆ ಬಂದರೆ ಅದು ಹಿಟ್ಟು ತಿಗಣೆ. ಕಪ್ಪು ಮಸಿ ಬಟ್ಟೆಗೆ ಹತ್ತಿದರೆ ಅದು ನೋಡಲಿಕ್ಕೆ ರೋಗದ ಹಾಗಿರುತ್ತದೆ, ಆದರೆ ಮೂಲ ಕೀಟ. ತಿಗಣೆ, ಗಿಡದ ಹೇನು, ಚಿಪ್ಪಿನಂಥ ಶಲ್ಕ ಕೀಟ ರಸ ಹೀರಿ ಅಂಟು ದ್ರವ ಬಿಡುತ್ತವೆ. ಆ ಅಂಟಿನ ಮೇಲೆ ಮಸಿ ಬೂಷ್ಟು ಬೆಳೆಯುತ್ತದೆ. ಅದಕ್ಕೇ ಮಸಿ ಕಂಡರೆ ನಾನು ಮೇಲಿನ ಎಲೆಗಳನ್ನು ಹುಡುಕುತ್ತೇನೆ. ಇರುವೆ ಸಾಲು ಹತ್ತುತ್ತಿದ್ದರೆ ಅದರ ಹಿಂದೆ ಹೋಗಿ, ಸೀದಾ ಕಳ್ಳನ ಮನೆಗೇ ಕರೆದುಕೊಂಡು ಹೋಗುತ್ತದೆ.

ಒರೆಸಿದರೆ ಹೋಗದ್ದನ್ನು ಉಗುರಿನಿಂದ ಕೆರೆದು ನೋಡುತ್ತೇನೆ. ರಬ್ಬರ್ ಗಿಡದ ಎಲೆ ನಡುಗೆರೆಯ ಉದ್ದಕ್ಕೂ ಕಂದು ಚುಕ್ಕೆ ಸಾಲಾಗಿದ್ದವು. ರೋಗ ಅಂದುಕೊಂಡೆ. ಉಗುರು ತಾಗಿಸಿದರೆ ಒಂದು ಸಣ್ಣ ಚಿಪ್ಪು ಪಟಕ್ಕನೆ ಎದ್ದು ಬಂತು, ಕೆಳಗೆ ಹಸಿರು ಎಲೆ ಹಾಗೇ ಇತ್ತು. ಅದು ಶಲ್ಕ ಕೀಟ. ರೋಗದ ಚುಕ್ಕೆ ಹೀಗೆ ಏಳುವುದಿಲ್ಲ, ಅದು ಎಲೆಯ ಮಾಂಸದಲ್ಲೇ ಇರುತ್ತದೆ.

ಆದರೆ ಎದ್ದು ಬರುವುದೆಲ್ಲ ಕೀಟ ಅಂತಲೂ ತಿಳಿಯಬಾರದು. ಎದುರು ಮನೆ ಅಕ್ಕ ಒಂದು ಸಂಜೆ ಜರಿಗಿಡದ ಕುಂಡ ಹೊತ್ತುಕೊಂಡೇ ಬಂದರು. “ನೋಡ ತಂಗಿ, ಎಲಿ ತಳಗ ಎಷ್ಟ್ ಹುಳ ಕುಂತಾವ! ಎಲ್ಲಾ ಕತ್ತರಿಸಿ ಒಗದ್ಬಿಡ್ಲ್ಯಾ?” ಎಲೆ ತಿರುಗಿಸಿದೆ. ಕಂದು ಚುಕ್ಕೆಗಳು ನಡುಗೆರೆಯ ಎರಡೂ ಕಡೆ ಒಂದೇ ಅಳತೆಯಲ್ಲಿ, ಬ್ಲೌಸಿಗೆ ಮಣಿ ಹೊಲಿದ ಹಾಗೆ ಸಾಲಾಗಿ ನಿಂತಿದ್ದವು. ಹುಳ ಇಷ್ಟು ಶಿಸ್ತಾಗಿ ಕೂರುವುದಿಲ್ಲ. “ಅಕ್ಕಾ, ಇದು ಗಿಡದ ಬೀಜ ಇದ್ದಂಗ. ಜರಿಗಿಡಕ್ಕ ಹೂ ಬಿಡಂಗಿಲ್ಲಲ್ಲ, ಇದರಿಂದನ ಮುಂದಿನ ಗಿಡ ಆಗತೈತಿ” ಅಂದೆ. ಅಕ್ಕನಿಗೆ ಎಷ್ಟು ಸಮಾಧಾನ ಆಯಿತು ಅಂದರೆ, ಮರುದಿನ ಅದರ ಒಂದು ಬುಡ ನನಗೂ ತಂದುಕೊಟ್ಟರು.

ಬೇಸಿಗೆಯಲ್ಲಿ ನನ್ನ ದೊಡ್ಡ ಚಿಂತೆ ಜೇಡನುಸಿ. ಒಣ ಗಾಳಿ, ಬಿಸಿ, ಅದಕ್ಕೆ ಇನ್ನೇನು ಬೇಕು? ಇಂಥ ಹವೆಯಲ್ಲಿ ಮೊಟ್ಟೆಯಿಂದ ದೊಡ್ಡದಾಗಲಿಕ್ಕೆ ಒಂದು ವಾರ ಸಾಕು. ಎಲೆ ಮೇಲೆ ಸಣ್ಣ ರವೆ ಉದುರಿಸಿದ ಹಾಗೆ ತಿಳಿಹಳದಿ ಚುಕ್ಕೆ ಏಳುತ್ತವೆ. ಒಂದೊಂದು ಚುಕ್ಕೆಯೂ ಸೂಜಿಮೊನೆಯಷ್ಟೇ, ಆದರೆ ಸಾವಿರ ಇರುತ್ತವೆ. ಅದು ರಸ ಹೀರಿದ ಗುರುತು. ನುಸಿ ಅರ್ಧ ಮಿಲಿಮೀಟರ್ ಅಷ್ಟೇ, ಎಲೆಯ ಕೆಳಗಿರುತ್ತದೆ, ಬರಿಗಣ್ಣಿಗೆ ಧೂಳಿನ ಹಾಗೆ ಕಾಣುತ್ತದೆ.

ಅದನ್ನು ಹಿಡಿಯಲಿಕ್ಕೆ ನನಗೆ ಹೊಲಿಗೆಯ ಬಿಳಿ ಹಾಳೆಯೇ ಸಾಕು. ಎಲೆ ಕೆಳಗೆ ಹಾಳೆ ಹಿಡಿದು, ಮೇಲಿಂದ ಬೆರಳಿನಿಂದ ಎರಡು ಸಲ ತಟ್ಟುತ್ತೇನೆ. ಧೂಳು ಬೀಳುತ್ತದೆ. ಉಸಿರು ಬಿಗಿಹಿಡಿದು ಹತ್ತು ಎಣಿಸುತ್ತೇನೆ, ಉಸಿರು ತಾಗಿದರೆ ಧೂಳೇ ಓಡಾಡಿದ ಹಾಗೆ ಕಾಣುತ್ತದೆ ನೋಡಿ. ಏಳು, ಎಂಟು ಅನ್ನುವಷ್ಟರಲ್ಲಿ ಒಂದು ಕಣ ಮೆಲ್ಲಗೆ ಅಂಚಿನ ಕಡೆ ನಡೆಯಲು ಶುರು ಮಾಡುತ್ತದೆ. ಬೆರಳಿನಿಂದ ಒತ್ತಿ ಎಳೆದರೆ ಹಾಳೆ ಮೇಲೆ ಹಸಿರೋ ಕೆಂಪೋ ಒಂದು ಗೆರೆ. ನಮ್ಮ ಕಾಕಾ ವಾಚ್ ರಿಪೇರಿ ಮಾಡುತ್ತಿದ್ದರು. ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಮಸೂರ ಈಗ ನನ್ನ ಹತ್ತಿರ ಇದೆ. ಅದರಲ್ಲಿ ನೋಡಿದರೆ ಎಂಟು ಕಾಲು, ಮೈಯ ಎರಡೂ ಬದಿಗೆ ಒಂದೊಂದು ಕಪ್ಪು ಮಚ್ಚೆ.

ಎಂಟು ಕಾಲು ಅನ್ನುವುದು ಸುಮ್ನೆ ಹೇಳಿದ್ದಲ್ಲ. ಆರು ಕಾಲಿದ್ದರೆ ಕೀಟ, ಎಂಟಿದ್ದರೆ ಜೇಡನ ಬಳಗ. ಒಮ್ಮೆ ಒಂದು ಅಂಗಡಿಯಲ್ಲಿ ಇದಕ್ಕೆ ಬಿಳಿ ನೊಣದ ಔಷಧ ಕೊಟ್ಟರು. ಹೊಡೆದ ಮೇಲೆ ನುಸಿ ಇನ್ನೂ ಜಾಸ್ತಿ ಆಯಿತು. ಎಷ್ಟೋ ಕೀಟನಾಶಕಗಳಿಗೆ ನುಸಿ ಸಾಯುವುದೇ ಇಲ್ಲ, ಅದನ್ನು ತಿನ್ನುವ ಒಳ್ಳೆಯ ಹುಳಗಳು ಮಾತ್ರ ಸಾಯುತ್ತವೆ ಅಂತ ಆಮೇಲೆ ತಿಳಿಯಿತು. ಗಂಧಕದ ಪುಡಿ ನುಸಿಗೆ ನಡೆಯುತ್ತದೆ, ಆದರೆ ನಮ್ಮ ಬೇಸಿಗೆಯಲ್ಲಿ ಅದು ಎಲೆಯನ್ನೇ ಸುಡುತ್ತದೆ. ಈಗ ನಾನು ಮಾಡುವುದು ಇಷ್ಟು: ಕುಂಡವನ್ನು ಬಚ್ಚಲಿಗೆ ಒಯ್ದು ಎಲೆಗಳ ಕೆಳಭಾಗಕ್ಕೆ ಪೈಪಿನಿಂದ ಜೋರಾಗಿ ನೀರು ಬಿಡುತ್ತೇನೆ. ಸೂರ್ಯ ಮುಳುಗಿದ ಮೇಲೆ, ಗಾಳಿ ತಂಪಾಗಿದ್ದರೆ ಮಾತ್ರ, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ಕಲೆಯುವಷ್ಟು ಸೋಪಿನ ನೀರು. ಮೊದಲು ಒಂದೇ ಎಲೆಗೆ ಹಾಕಿ ಒಂದು ದಿನ ಕಾಯುತ್ತೇನೆ. ಐದೈದು ದಿನಕ್ಕೆ ಮೂರು ಸಲ. ಒಂದು ಸಲಕ್ಕೆ ಮೊಟ್ಟೆ ಉಳಿದುಬಿಡುತ್ತವೆ, ಅದಕ್ಕೆ ಮೂರು.

ಎಲೆ ಬೆಳ್ಳಿ ಬಣ್ಣಕ್ಕೆ ತಿರುಗಿ, ನಡುನಡುವೆ ಸಣ್ಣ ಕಪ್ಪು ಹೊಲಸು ಕಂಡರೆ ಅದು ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಕೀಟ. ಮೆಣಸಿನಕಾಯಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನಿಂಬೆ ಎಲೆಯಲ್ಲಿ ಬಿಳಿ ಗೆರೆ ಸುತ್ತಿ ಸುತ್ತಿ ಹೋಗಿದ್ದರೆ ರಂಗೋಲಿ ಹುಳು, ಆ ಎಲೆ ಕಿತ್ತರೆ ಆಯಿತು.

ಇನ್ನು ರೋಗ. ಒರೆಸಿದರೆ ಹೋಗದು, ಉಗುರಿಗೆ ಏಳದು, ಹಾಳೆ ಮೇಲೆ ಏನೂ ನಡೆಯದು ಅಂದಾಗ ನಾನು ಎಲೆಯನ್ನು ಬೆಳಕಿಗೆ ಹಿಡಿಯುತ್ತೇನೆ. ಇದನ್ನು ಕಲಿಸಿದವರು ಅಪ್ಪ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಜಗಲಿಯ ಡೈಫೆನ್‌ಬೇಕಿಯಾ ಗಿಡಕ್ಕೆ ಚುಕ್ಕೆ ಬಂದವು. ಊರಿಂದ ಬಂದಿದ್ದ ಅಪ್ಪ ಮಾತಾಡದೆ ಎಲೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದರು. ಚುಕ್ಕೆ ಇದ್ದಲ್ಲಿ ಎಲೆ ಎಣ್ಣೆ ಹೀರಿದ ಕಾಗದದ ಹಾಗೆ ಹೊಳೆಯಿತು. ಬಜ್ಜಿ ಕಟ್ಟಿಕೊಟ್ಟ ಪೇಪರ್ ಇರುತ್ತದಲ್ಲ, ಹಾಗೆ. “ಇಲ್ಲಿ ನೋಡವ್ವಾ, ಚುಕ್ಕಿ ದುಂಡಗಿಲ್ಲ. ನರದ ಹತ್ರ ಬಂದು ನಿಂತೈತಿ, ಅದಕ್ಕ ಮೂಲಿ ಮೂಲಿ ಆಗೈತಿ. ನಮ್ಮ ದಾಳಿಂಬ್ರಿಗೂ ಹಿಂಗ ಎಣ್ಣಿ ಕುಡದಂಗ ಕಾಣತಿತ್ತು.” ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತರು. “ಆಗ ನಮಗ ಹಿಂಗ ಬೆಳಕಿಗೆ ಹಿಡದು ನೋಡಬೇಕಂತ ಯಾರೂ ಹೇಳಲಿಲ್ಲ” ಅಂದರು.

ದಾಳಿಂಬೆಯ ದುಂಡಾಣು ಈ ಗಿಡಕ್ಕೆ ಬರುವುದಿಲ್ಲ, ಆದರೆ ಲಕ್ಷಣ ಅದೇ ಜಾತಿಯದು. ದುಂಡಾಣು ಚುಕ್ಕೆ ನೀರು ಕುಡಿದ ಹಾಗಿರುತ್ತದೆ, ನರಗಳ ನಡುವೆ ಕೋನ ಕೋನವಾಗಿ ನಿಲ್ಲುತ್ತದೆ, ಸುತ್ತ ಹಳದಿ ಅಂಚು ಬರಬಹುದು. ಶಿಲೀಂಧ್ರದ ಚುಕ್ಕೆ ಹೆಚ್ಚಾಗಿ ದುಂಡಗೆ, ಒಳಗೆ ಒಣಗಿ ಬೂದು ಬಣ್ಣ, ಕೆಲವೊಮ್ಮೆ ಬಳೆಯೊಳಗೆ ಬಳೆ ಇಟ್ಟ ಹಾಗೆ ಸುತ್ತುಗಳು. ಮಸೂರದಲ್ಲಿ ನೋಡಿದರೆ ಒಣಗಿದ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಬಿಂದುಗಳು ಕಾಣಬಹುದು, ಅವು ಬೂಷ್ಟಿನ ಬೀಜದ ಚೀಲಗಳು. ಎರಡಕ್ಕೂ ಎಲೆ ಮೇಲೆ ನೀರು ನಿಲ್ಲಬೇಕು. ಹನಿ ಸಿಡಿದರೆ ಪಕ್ಕದ ಎಲೆಗೂ ದಾಟುತ್ತವೆ. ಹಾಗಾಗಿ ರೋಗ ಅಂತ ಗೊತ್ತಾದ ಮೇಲೆ ನನ್ನ ಮೊದಲ ಔಷಧ ಕತ್ತರಿ. ಚುಕ್ಕೆ ಬಿದ್ದ ಎಲೆ ತೆಗೆದು ಚೀಲ ಕಟ್ಟಿ ಬಿಸಾಡುತ್ತೇನೆ, ಗೊಬ್ಬರದ ಡಬ್ಬಿಗೆ ಹಾಕುವುದಿಲ್ಲ. ಒಂದೊಂದು ಗಿಡ ಮುಟ್ಟಿದ ಮೇಲೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸುತ್ತೇನೆ. ನೀರು ಬುಡಕ್ಕೆ ಮಾತ್ರ, ಅದೂ ಬೆಳಿಗ್ಗೆ. ಡೈಫೆನ್‌ಬೇಕಿಯಾದ ಐದು ಎಲೆ ಹೋದವು, ಗಿಡ ಉಳಿಯಿತು. ಒಂದು ಎಚ್ಚರಿಕೆ: ಅದರ ರಸ ಕೈಗೆ ತುರಿಕೆ ತರುತ್ತದೆ, ಮಕ್ಕಳ ಬಾಯಿಗೆ ಹೋಗಲೇಬಾರದು.

ಬೂದಿ ರೋಗ ಮಾತ್ರ ಬೇರೆ ಥರ. ಗವಿಮಠದ ಜಾತ್ರೆ ಹೊತ್ತಿನ ಚಳಿಗೆ ಗುಲಾಬಿ ಚಿಗುರಿನ ಮೇಲೆ ವಿಭೂತಿ ಹಚ್ಚಿದ ಹಾಗೆ ಬರುತ್ತದೆ. ಅದಕ್ಕೆ ಎಲೆ ಒದ್ದೆ ಇರಬೇಕಾಗಿಲ್ಲ. ಒರೆಸಿದರೆ ಹೋಗುತ್ತದೆ, ಕೆಲವು ದಿನ ಬಿಟ್ಟು ಮತ್ತೆ ಬರುತ್ತದೆ. ಧೂಳು ಯಾವುದು, ಬೂದಿ ರೋಗ ಯಾವುದು ಅಂತ ಗೊತ್ತಾಗುವುದು ಹೀಗೆ ಮರಳಿ ಬಂದಾಗಲೇ.

ಇಷ್ಟಾದರೂ ಗೊಂದಲ ಉಳಿದರೆ ನಾನು ಮಾರ್ಕರ್ ಪೆನ್ ತೆಗೆಯುತ್ತೇನೆ. ಚುಕ್ಕೆಗೆ ತಾಗದ ಹಾಗೆ, ಅಂಚಿನ ಸುತ್ತ ಒಂದು ಉಂಗುರ ಬರೆದು ಪಕ್ಕಕ್ಕೆ ತಾರೀಖು ಹಾಕುತ್ತೇನೆ. ನಾಲ್ಕನೇ ದಿನ ನೋಡುತ್ತೇನೆ, ಎಂಟನೇ ದಿನ ಮತ್ತೆ. ಚುಕ್ಕೆ ಉಂಗುರ ದಾಟಿ ಬೆಳೆದಿದ್ದರೆ ರೋಗದ ಅನುಮಾನ ಗಟ್ಟಿಯಾಗುತ್ತದೆ. ಉಂಗುರದೊಳಗಿನದ್ದು ಹಾಗೇ ಇದ್ದು, ಹೊರಗೆ ಹೊಸ ಸಣ್ಣ ಚುಕ್ಕೆ ಚೆಲ್ಲಿದ್ದರೆ ಮತ್ತೆ ಹಾಳೆ ತಟ್ಟಿ ಹುಳ ಹುಡುಕುತ್ತೇನೆ. ಏನೂ ಬದಲಾಗದಿದ್ದರೆ ಅದು ಹಳೇ ಗಾಯ. ಬಿಸಿಲಿಗೆ ಸುಟ್ಟದ್ದು ಹೀಗೇ ಇರುತ್ತದೆ: ಕಿಟಕಿ ಕಡೆಯ ಎಲೆಗೆ ಮಾತ್ರ, ಬಿಳಿಚಿದ ದೊಡ್ಡ ತೇಪೆ, ಬೆಳೆಯುವುದೂ ಇಲ್ಲ, ಹಬ್ಬುವುದೂ ಇಲ್ಲ.

ಈ ಉಂಗುರದಿಂದಲೇ ಸ್ಪೈಡರ್ ಪ್ಲಾಂಟಿನ ಗುಟ್ಟು ಬಿಟ್ಟಿತು. ಎಲ್ಲ ಎಲೆಗಳ ತುದಿ ಕಂದಾಗಿದ್ದವು. ಹುಳ ಇಲ್ಲ, ದುಂಡು ಚುಕ್ಕೆ ಇಲ್ಲ, ಹೊಸ ಎಲೆ ಹಳೇದಾಗುತ್ತ ಬಂದ ಹಾಗೆ ತುದಿ ಒಣಗುತ್ತಿತ್ತು. ಕಾರಣ ನೀರು. ನಮ್ಮ ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇಟ್ಟಿದ್ದಾರೆ. ಮನುಷ್ಯರ ಹಲ್ಲು, ಮೂಳೆಗೆ ಅದು ಏನು ಮಾಡುತ್ತದೆ ಅಂತ ಇಲ್ಲಿನವರಿಗೆ ಗೊತ್ತು. ಸ್ಪೈಡರ್ ಪ್ಲಾಂಟ್, ಡ್ರಸೀನಾ ಥರದ ಗಿಡಗಳು ಮನುಷ್ಯರಿಗಿಂತ ಬೇಗ ಹೇಳಿಬಿಡುತ್ತವೆ: ಎಲೆಯೊಳಗೆ ಹರಿದ ನೀರಿನ ಫ್ಲೋರೈಡ್, ಉಪ್ಪು ತುದಿಯಲ್ಲಿ ಕೂಡುತ್ತಾ ಹೋಗಿ ಅಲ್ಲೇ ಸುಡುತ್ತದೆ. ಇದಕ್ಕೆ ಯಾವ ಎಣ್ಣಿಯೂ ಇಲ್ಲ. ಮಳೆ ನೀರು ಹಿಡಿದಿಟ್ಟು ಹಾಕತೊಡಗಿದೆ. ಒಣಗಿದ ತುದಿ ಹಸಿರಾಗಲಿಲ್ಲ, ಆದರೆ ಆಮೇಲೆ ಬಂದ ಎಲೆಗಳ ತುದಿ ಚೆನ್ನಾಗಿವೆ.

ನನಗೂ ತಿಳಿಯದ್ದು ಬಂದರೆ ಕೊಪ್ಪಳದ ಕೃಷಿ ವಿಸ್ತರಣಾ ಶಿಕ್ಷಣ ಕೇಂದ್ರದವರಿಗೆ ಎಲೆ ಒಯ್ದು ತೋರಿಸುತ್ತೇನೆ. ಅದು ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದು. ಗಂಗಾವತಿ ಕಡೆಯವರಿಗೆ ಅಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ಎಲೆ ಒಯ್ಯುವಾಗ ಪೂರ್ತಿ ಸತ್ತ ಎಲೆ ಬೇಡ. ಈಗಷ್ಟೇ ಚುಕ್ಕೆ ಶುರುವಾದದ್ದು ಒಂದು, ಅರ್ಧ ಹಾಳಾದದ್ದು ಒಂದು, ಚೆನ್ನಾಗಿರುವುದು ಒಂದು. ಪ್ಲಾಸ್ಟಿಕ್ ಚೀಲದಲ್ಲಿ ಒಯ್ದರೆ ಬೆವೆತು ಕೊಳೆತು, ಇದ್ದ ಗುರುತೂ ಅಳಿಸಿಹೋಗುತ್ತದೆ. ಹಳೆ ನ್ಯೂಸ್‌ಪೇಪರ್ ಮಡಿಕೆಯಲ್ಲಿಟ್ಟು, ಯಾವಾಗ ಶುರುವಾಯಿತು, ಎಷ್ಟು ನೀರು ಹಾಕುತ್ತೀರಿ, ಏನು ಹೊಡೆದಿದ್ದೀರಿ ಅಂತ ಅದರ ಮೇಲೇ ಬರೆದುಕೊಂಡು ಹೋಗಿ. ಏನೂ ಹೊಡೆಯದ ಎಲೆ ಒಯ್ದರೆ ಇನ್ನೂ ಒಳ್ಳೆಯದು.