ತನ್ನ ಬಗ್ಗೆ ತಾನೇ ಹೇಳುವ ವಾಕ್ಯ ಕಟ್ಟುವುದು ಹೇಗೆ?

ಗೊಡೆಲ್ ವಾಕ್ಯ ಅಂದರೇನು ಎಂದು ಕೇಳಿದರೆ ಜಾಸ್ತಿ ಜನ ಮಾಡುವುದು ಒಂದೇ. ‘ಈ ವಾಕ್ಯಕ್ಕೆ ಸಾಧನೆ ಇಲ್ಲ’ (ಸಾಧನೆ ಎಂದರೆ ಗಣಿತದ ಪುರಾವೆ, proof) ಎಂದು ಬೋರ್ಡಿನ ಮೇಲೆ ಬರೆದು, ಇದೇ ನೋಡಿ ಎಂದು ಮುಗಿಸಿಬಿಡುತ್ತಾರೆ. ಎಷ್ಟೋ ವಿವರಣೆಯ ವಿಡಿಯೊಗಳದ್ದೂ ಇದೇ ದಾರಿ. ಆದರೆ ಅಂಕಗಣಿತದ ಭಾಷೆಯಲ್ಲಿ ‘ಈ’ ಎಂಬ ಪದವೇ ಇಲ್ಲ. ಅಲ್ಲಿರುವುದು ಸೊನ್ನೆ, ‘ಮುಂದಿನ ಸಂಖ್ಯೆ’ ಎನ್ನುವ ಗುರುತು, ಕೂಡುವುದು, ಗುಣಿಸುವುದು, ಸಮ ಚಿಹ್ನೆ, ‘ಅಲ್ಲ’, ‘ಎಲ್ಲ ಸಂಖ್ಯೆಗಳಿಗೂ’ ಇಂಥ ಕೆಲವೇ ಸಾಮಾನು. ಬೆರಳು ಮಾಡಿ ತೋರಿಸಲು ಪದವಿಲ್ಲದ ಕಡೆ ಒಂದು ವಾಕ್ಯ ತನ್ನನ್ನೇ ತೋರಿಸಿಕೊಳ್ಳಬೇಕು. 1931ರಲ್ಲಿ ತರ್ಕಶಾಸ್ತ್ರಜ್ಞ ಕುರ್ಟ್ ಗೊಡೆಲ್ ಮಾಡಿದ್ದು ಅದನ್ನೇ. ‘ಈ’ ಎಂದು ಬರೆದವರು ಕಷ್ಟದ ಕೆಲಸವನ್ನು ಬಿಟ್ಟೇಬಿಟ್ಟರು, ಅಲ್ವಾ?

ಪೆನ್ಸಿಲ್, ಕಾಗದ ತೆಗೆದುಕೊಳ್ಳಿ. ಇದನ್ನು ಕೈಯಾರೆ ಬರೆಯದೆ ಸುಮ್ನೆ ಓದಿದರೆ ತಲೆಗೆ ಹತ್ತುವುದಿಲ್ಲ.

ಮೊದಲ ಹೆಜ್ಜೆ ಸುಲಭದ್ದು: ವಾಕ್ಯಗಳಿಗೆ ಸಂಖ್ಯೆ ಕೊಡುವುದು. ಸೊನ್ನೆಗೆ 1, ಸಮ ಚಿಹ್ನೆಗೆ 2 ಎಂದು ಇಟ್ಟುಕೊಳ್ಳಿ. ‘0=0’ ಎಂಬ ಸಾಲಿಗೆ 1, 2, 1 ಬಂತು. ಅವನ್ನು ಕ್ರಮವಾಗಿ 2, 3, 5 ಎಂಬ ಅವಿಭಾಜ್ಯ ಸಂಖ್ಯೆಗಳ ಘಾತವಾಗಿ ಬರೆದು ಗುಣಿಸಿ. 2 × 9 × 5, ಅಂದರೆ 90. ತಿರುಗಿ 90ನ್ನು ಅಪವರ್ತಿಸಿದರೆ ‘0=0’ ಬಿಟ್ಟು ಬೇರೇನೂ ಬರುವುದಿಲ್ಲ. ಸಾಧನೆ ಎಂದರೂ ವಾಕ್ಯಗಳ ಸಾಲೇ, ಅದಕ್ಕೂ ಹೀಗೇ ಒಂದು ಸಂಖ್ಯೆ ಕೊಡಬಹುದು. ಆಗ ‘ಈ ಸಾಲು ಆ ವಾಕ್ಯದ ಸಾಧನೆ’ ಎನ್ನುವುದು ಎರಡು ಸಂಖ್ಯೆಗಳ ನಡುವಿನ ಸಂಬಂಧವಾಗುತ್ತದೆ. ಇದನ್ನು ಪೂರ್ತಿ ಬರೆದು ತೋರಿಸಲು ಗೊಡೆಲ್ 46 ವ್ಯಾಖ್ಯೆಗಳನ್ನು ಒಂದರ ಮೇಲೊಂದು ಕಟ್ಟಿದರು. 46ನೆಯದೇ ‘ಸಾಧಿಸಬಹುದಾದದ್ದು’. ತಾಳ್ಮೆ ಬೇಕಾದ ಕೆಲಸ, ಆದರೆ ಸಿಕ್ಕು ಇಲ್ಲ. ಮೊದಲ ಸಲ ಕಲಿಯುವವರು ಇದನ್ನು ನಂಬಿ ಮುಂದೆ ಹೋಗಬಹುದು.

ಎಲ್ಲರೂ ಎಡವುವುದು ಎರಡನೆಯ ಹೆಜ್ಜೆಯಲ್ಲಿ. ವಾಕ್ಯಕ್ಕೊಂದು ಸಂಖ್ಯೆ ಇದೆಯಲ್ಲ, ಅದನ್ನೇ ವಾಕ್ಯದೊಳಗೆ ಬರೆದರೆ ಆಯಿತು ಅನ್ನಿಸುತ್ತದೆ. ಆಗುವುದಿಲ್ಲ. ಅಂಕಗಣಿತದ ಭಾಷೆಯಲ್ಲಿ 90 ಎಂದು ಬರೆಯಬೇಕಾದರೆ ಸೊನ್ನೆಯ ಮುಂದೆ ‘ಮುಂದಿನ’ ಗುರುತನ್ನು 90 ಸಲ ಹಾಕಬೇಕು, ಒಟ್ಟು 91 ಚಿಹ್ನೆ. ‘0=0’ ಇರುವುದೇ ಮೂರು ಚಿಹ್ನೆ. ವಾಕ್ಯ ಉದ್ದವಾದಷ್ಟೂ ಅದರ ಸಂಖ್ಯೆ ಇನ್ನೂ ಬೇಗ ಬೆಳೆಯುತ್ತದೆ. ತನ್ನ ಸಂಖ್ಯೆಯನ್ನು ಹೊಟ್ಟೆಯೊಳಗೆ ಹಾಗೇ ಹಿಡಿಸಿಕೊಳ್ಳುವಷ್ಟು ದೊಡ್ಡ ವಾಕ್ಯ ಈ ಪದ್ಧತಿಯಲ್ಲಿ ಸಿಗುವುದೇ ಇಲ್ಲ. ಇನ್ನು ಕೆಲವರು ‘ಗ ಎಂದರೆ, ಗ-ಗೆ ಸಾಧನೆ ಇಲ್ಲ ಎಂಬ ವಾಕ್ಯ’ ಎಂದು ಬರೆಯುತ್ತಾರೆ. ಗ ಏನೆಂದು ಹೇಳುವ ಮೊದಲೇ ಅದನ್ನು ಬಳಸಿಬಿಟ್ಟರು. ಈ ಅಡ್ಡದಾರಿ ಖಂಡಿತ ಬೇಡ.

ಸರಿಯಾದ ಉಪಾಯ ಬೇರೆ. ಸಂಖ್ಯೆಯನ್ನು ಇಡಬೇಡಿ, ಅದನ್ನು ಕಟ್ಟುವ ವಿಧಾನವನ್ನು ಇಡಿ. ತರ್ಕಶಾಸ್ತ್ರಜ್ಞ ಕ್ವೈನ್ ಇದನ್ನು ಇಂಗ್ಲಿಷಿನಲ್ಲಿ ಮಾಡಿ ತೋರಿಸಿದ್ದರು. ಕನ್ನಡದಲ್ಲಿ ಇನ್ನೂ ಸಲೀಸು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ನಮ್ಮಲ್ಲಿ ಹೇಳಿದ ಮಾತು ಮೊದಲು ಬರುತ್ತದೆ, ‘ಎಂಬ’ ಆಮೇಲೆ. ಇದನ್ನು ಬರೆದು ನೋಡಿ:

‘ಎಂಬುದನ್ನು ಮೊದಲು ಉದ್ಧರಣ ಚಿಹ್ನೆಯೊಳಗೆ, ಆಮೇಲೆ ಚಿಹ್ನೆ ಇಲ್ಲದೆ ಬರೆದರೆ ಬರುವ ವಾಕ್ಯಕ್ಕೆ ಸಾಧನೆ ಇಲ್ಲ’ ಎಂಬುದನ್ನು ಮೊದಲು ಉದ್ಧರಣ ಚಿಹ್ನೆಯೊಳಗೆ, ಆಮೇಲೆ ಚಿಹ್ನೆ ಇಲ್ಲದೆ ಬರೆದರೆ ಬರುವ ವಾಕ್ಯಕ್ಕೆ ಸಾಧನೆ ಇಲ್ಲ.

ನಿಧಾನವಾಗಿ ಓದಿ. ಇದರಲ್ಲಿ ‘ಈ’ ಇಲ್ಲ, ‘ನಾನು’ ಇಲ್ಲ. ಒಂದು ತುಂಡು ಕೊಟ್ಟು, ಅದನ್ನು ಏನು ಮಾಡಬೇಕೆಂದು ಹೇಳುತ್ತದೆ, ಅಷ್ಟೇ. ಅದು ಹೇಳಿದಂತೆ ಇನ್ನೊಂದು ಹಾಳೆಯಲ್ಲಿ ಬರೆಯಿರಿ. ಬಂದ ವಾಕ್ಯವನ್ನು ಮೊದಲಿನದರ ಪಕ್ಕ ಇಟ್ಟು ನೋಡಿ. ಅಕ್ಷರ ಅಕ್ಷರವೂ ಅದೇ! ಇಲ್ಲಿ ಕಣ್ಣು ಅರಳದಿದ್ದರೆ ಮುಂದಕ್ಕೆ ಹೋಗಬೇಡಿ, ಮತ್ತೊಮ್ಮೆ ಬರೆಯಿರಿ.

ಈಗ ಇದನ್ನೇ ಸಂಖ್ಯೆಗಳಿಗೆ ಇಳಿಸಬೇಕು. ‘ಉದ್ಧರಣ ಚಿಹ್ನೆಯೊಳಗೆ’ ಎಂಬುದರ ಜಾಗಕ್ಕೆ ‘ಸೂತ್ರದ ಸಂಖ್ಯೆ’ ಬರುತ್ತದೆ. ಒಂದು ಖಾಲಿ ಜಾಗ ಇರುವ ಸೂತ್ರ ತೆಗೆದುಕೊಳ್ಳಿ, ಆ ಜಾಗವನ್ನು ಕ್ಷ ಎನ್ನೋಣ: ‘ಕ್ಷ ಸಂಖ್ಯೆಯ ಸೂತ್ರದ ಖಾಲಿ ಜಾಗದಲ್ಲಿ ಕ್ಷ-ವನ್ನೇ ತುಂಬಿದರೆ ಬರುವ ವಾಕ್ಯಕ್ಕೆ ಸಾಧನೆ ಇಲ್ಲ.’ ಈ ಸೂತ್ರಕ್ಕೂ ಒಂದು ಸಂಖ್ಯೆ ಇದೆ, ಅದು ಕ. ಕ್ಷ ಇದ್ದ ಕಡೆಯೆಲ್ಲ ಕ ತುಂಬಿ. ಬಂದದ್ದೇ ಗ ವಾಕ್ಯ. ಗ ಏನು ಹೇಳುತ್ತದೆ? ಕ ಸಂಖ್ಯೆಯ ಸೂತ್ರದಲ್ಲಿ ಕ ತುಂಬಿದರೆ ಬರುವ ವಾಕ್ಯಕ್ಕೆ ಸಾಧನೆ ಇಲ್ಲ ಎಂದು. ಕ ಸಂಖ್ಯೆಯ ಸೂತ್ರ ಯಾವುದು? ನಾವು ಆಗಲೇ ಬರೆದದ್ದು. ಅದರಲ್ಲಿ ಕ ತುಂಬಿದರೆ? ಗ. ಗಮನಿಸಿ, ಗ-ದ ಒಳಗೆ ಇರುವುದು ಕ, ಗ-ದ ಸಂಖ್ಯೆ ಅಲ್ಲ. ಇವೆರಡನ್ನು ಕಲಸಿಕೊಂಡರೆ ಇಡೀ ಕೆಲಸ ಕೆಟ್ಟಿತು. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದವರೂ ಇಲ್ಲಿ ತಪ್ಪುವುದನ್ನು ನೋಡಿದ್ದೇನೆ. ಕ-ವನ್ನು ಬೇರೆ ಬಣ್ಣದಲ್ಲಿ ಬರೆಯಿರಿ.

ಪರೀಕ್ಷಿಸಿ ನೋಡುವುದು ಬೇಗ ಆಗುತ್ತದೆ. ಗ-ಗೆ ಸಾಧನೆ ಇದ್ದರೆ ಅದಕ್ಕೊಂದು ಸಂಖ್ಯೆ ಇರುತ್ತದೆ, ಆ ಸಂಖ್ಯೆಯನ್ನು ಲೆಕ್ಕ ಮಾಡಿಯೇ ತಾಳೆ ನೋಡಬಹುದು. ಆಗ ‘ಗ-ಗೆ ಸಾಧನೆ ಇದೆ’ ಎಂಬುದೂ ಸಾಧಿತವಾಗುತ್ತದೆ, ಅದು ಗ-ದ ನಿರಾಕರಣೆ. ಹಾಗಾಗಿ ಅಂಕಗಣಿತದ ನಿಯಮಗಳಲ್ಲಿ ವಿರೋಧ ಇಲ್ಲದಿದ್ದರೆ, ಅಂದರೆ ಒಂದು ವಾಕ್ಯ ಮತ್ತು ಅದರ ನಿರಾಕರಣೆ ಎರಡಕ್ಕೂ ಸಾಧನೆ ಸಿಗದಿದ್ದರೆ, ಗ-ಗೆ ಸಾಧನೆ ಇಲ್ಲ. ಗ ಹೇಳಿದ್ದೂ ಅದನ್ನೇ, ಆದ್ದರಿಂದ ಗ ನಿಜ. ಗ-ದ ನಿರಾಕರಣೆಗೂ ಸಾಧನೆ ಇಲ್ಲ ಎನ್ನಲು ಗೊಡೆಲ್‌ಗೆ ಇನ್ನೂ ಬಲವಾದ ಷರತ್ತು ಬೇಕಾಯಿತು. 1936ರಲ್ಲಿ ತರ್ಕಶಾಸ್ತ್ರಜ್ಞ ರಾಸರ್ ಈ ವಾಕ್ಯವನ್ನು ಸ್ವಲ್ಪ ಬದಲಿಸಿ ಆ ಷರತ್ತನ್ನು ತೆಗೆದುಹಾಕಿದರು.

ಕೈ ಕುದುರಿದ ಮೇಲೆ ‘ಸಾಧನೆ ಇಲ್ಲ’ ಎಂಬುದನ್ನು ಅಳಿಸಿ ಬೇರೆ ಮಾತು ಹಾಕಿ ನೋಡಿ. ‘ಸುಳ್ಳು’ ಎಂದು ಹಾಕಲು ಹೊರಟರೆ ಕಟ್ಟಡ ನಿಲ್ಲುವುದಿಲ್ಲ. ಅಂಕಗಣಿತದ ವಾಕ್ಯಗಳಲ್ಲಿ ಯಾವುದು ನಿಜ ಎಂಬುದನ್ನು ಅಂಕಗಣಿತದ ಒಳಗೇ ಹೇಳಲು ಬರುವುದಿಲ್ಲ ಎಂಬ ಟಾರ್ಸ್ಕಿಯ ಪ್ರಮೇಯ ಇದೇ. ‘ಸಾಧನೆ ಇದೆ’ ಎಂದು ಹಾಕಿದರೆ? ಬರುವ ವಾಕ್ಯ ನಿಜವೋ ಅಲ್ಲವೋ ಎಂದು ನೋಡಿದ ಕೂಡಲೇ ಹೇಳಲಾಗದು. ತರ್ಕಶಾಸ್ತ್ರಜ್ಞ ಹೆಂಕಿನ್ 1952ರಲ್ಲಿ ಈ ಪ್ರಶ್ನೆ ಕೇಳಿದರು, ಇನ್ನೊಬ್ಬ ತರ್ಕಶಾಸ್ತ್ರಜ್ಞ ಲೋಬ್ 1955ರಲ್ಲಿ ಉತ್ತರ ಕೊಟ್ಟರು: ಆ ವಾಕ್ಯಕ್ಕೆ ಸಾಧನೆ ಇದ್ದೇ ಇದೆ.